ಮುಯ್ಯಿ ಟೇಬಲ್ ಪಕ್ಕ ಇನ್ನೊಂದು ಟೇಬಲ್ ಹಾಕಿ

ಸಂಪಾದಕರಿಗೆ ನಮಸ್ಕಾರ,

ಮದುವೆ ಖರ್ಚು ಮಿತಿ ಮೀರ್ತಿದೆ ಅಂತ ಓದುಗರು ಆಗಾಗ ಪತ್ರಿಕೆಗೆ ಬರೀತಾ ಇರ್ತಾರೆ, ನಾನು ಬರೀತಿರೋದು ಖರ್ಚಿನ ಬಗ್ಗೆ ಅಲ್ಲ, ಮದುವೆ ಮುಗಿದ ಮೇಲೆ ಮನೇಲಿ ಏನು ಉಳಿಯುತ್ತೆ ಅನ್ನೋದರ ಬಗ್ಗೆ. ಬರೋ ಮಾಘದಲ್ಲಿ ಸಾಗರದಲ್ಲಿ ನನ್ನ ತಂಗಿ ಮದುವೆ. ತಯಾರಿ ನಡುವೆ ಅಟ್ಟದ ಮೇಲಿನ ಟ್ರಂಕ್ ತೆಗೆದಾಗ ಅಪ್ಪ ಅಮ್ಮನ ಮದುವೆಯ ಮುಯ್ಯಿ ಪುಸ್ತಕ ಸಿಕ್ತು, 1991ರದ್ದು, ಉದ್ದನೆ ಲೆಕ್ಕದ ಪುಸ್ತಕ, ಇಂಥೋರು 11 ರೂಪಾಯಿ, ಇಂಥೋರು 21 ರೂಪಾಯಿ, ಸ್ಟೀಲ್ ತಂಬಿಗೆ ಒಂದು, ಡಬರಿ ಒಂದು, ಹೀಗೆ ಪುಟಗಟ್ಟಲೆ, ಎಲ್ಲಾ ಮುಯ್ಯಿ ಬರೆಯೋಕೆ ಕೂತಿದ್ದ ಚಿಕ್ಕಪ್ಪನ ಅಕ್ಷರ. ಒಂದೇ ಒಂದು ಕಡೆ ಮಾತ್ರ ಅಕ್ಷರ ಬೇರೆ. ಅಮ್ಮನ ಸೋದರಮಾವ ಪೆನ್ ಇಸ್ಕೊಂಡು ತಮ್ಮ ಹೆಸರಿನ ಮುಂದೆ "ಹುಡುಗಿ ಮಾತು ಕಮ್ಮಿ, ನೀವೇ ಕೇಳಿ ಊಟಕ್ಕೆ ಹಾಕಿ" ಅಂತ ಬರೆದಿದಾರೆ. ಅವರು ತೀರಿಹೋಗಿ ಹದಿನೈದು ವರ್ಷದ ಮೇಲಾಯ್ತು, ಅವರ ಕೈಬರಹ ಅಂತ ನಮ್ಮ ಮನೇಲಿ ಇರೋದು ಅದೊಂದೇ ಸಾಲು, ಅಮ್ಮ ಅದರ ಮೇಲೆ ಬೆರಳಿಟ್ಟುಕೊಂಡು ತುಂಬಾ ಹೊತ್ತು ಸುಮ್ನೆ ಕೂತಿದ್ರು.

ಅವತ್ತೇ ತಂಗಿ ಹೇಳಿದ್ಲು, ನನ್ನ ಮದುವೆಗೆ ಬಂದೋರೆಲ್ಲ ಒಂದೊಂದು ಸಾಲು ಬರೀಲಿ ಅಂತ. ಪುಸ್ತಕ ಇಟ್ರೆ ಅದೂ ಟ್ರಂಕ್ ಸೇರುತ್ತೆ, ಅದಕ್ಕೆ ಮರದ ಜಿಗ್ಸಾ ಪಜಲ್ ಮಾಡಿಸೋಣ ಅಂತ ತೀರ್ಮಾನ ಆಯ್ತು. ಒಂದು ಮನೆಗೆ ಒಂದು ತುಂಡು, ಅವರು ಬರೆದು ಕೊಡ್ತಾರೆ, ಮದುವೆ ಗಲಾಟೆ ಎಲ್ಲಾ ಮುಗಿದ ಮೇಲೆ ಗಂಡ ಹೆಂಡತಿ ಇಬ್ರೂ ಕೂತು ಜೋಡಿಸ್ತಾರೆ. ಜೋಡಿಸಬೇಕು ಅಂದ್ರೆ ಪ್ರತಿ ತುಂಡನ್ನೂ ಕೈಲಿ ಹಿಡಿದು ನೋಡ್ಲೇಬೇಕಲ್ವಾ, ನನಗೆ ಹಿಡಿಸಿದ್ದು ಅದೇ.

ಮೇಲಿನ ಚಿತ್ರ ಯಾವುದು ಅಂತ ಜಾಸ್ತಿ ಯೋಚನೆ ಮಾಡ್ಲಿಲ್ಲ. ನಮ್ಮ ಕಡೆ ದೀವರ ಸಮುದಾಯದೋರ ಮನೆ ಮದುವೆ ಅಂದ್ರೆ ಗೋಡೆ ಮೇಲೆ ಹಸೆ ಚಿತ್ತಾರ ಇರ್ಲೇಬೇಕು, ಕೆಮ್ಮಣ್ಣು ಬಳಿದ ಗೋಡೆಗೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಬ್ರಷ್ಷು. ಈಗ ಛತ್ರದಲ್ಲಿ ಮದುವೆ ಆಗೋದ್ರಿಂದ ಆ ಗೋಡೆನೇ ಇಲ್ಲ. ದೊಡ್ಡಮ್ಮನ ಹತ್ರ ಕಾಗದದ ಮೇಲೆ ಹಸೆ ಬರೆಸಿ, ಅದನ್ನ ಸ್ಕ್ಯಾನ್ ಮಾಡಿ, ಹಲಗೆ ಮೇಲೆ ತೆಳುವಾಗಿ ಲೇಸರ್‌ನಲ್ಲಿ ಕೆತ್ತಿಸ್ತಿದೀವಿ. ಫೋಟೊ ಹಾಕಿದ್ರೆ ಮುಖದ ಮೇಲೆ ಯಾರು ಬರೀತಾರೆ ಹೇಳಿ, ಹಸೆಯಲ್ಲಿ ಗೆರೆ ಸಣ್ಣ, ಮಧ್ಯೆ ಮಧ್ಯೆ ಖಾಲಿ ಜಾಗ ಧಾರಾಳ.

ಈಗ ಅಳತೆ. ಕರೆದಿರೋದು ಸುಮಾರು 750 ಜನ, ಮನೆಗೆ ನಾಲ್ಕು ಜನ ಅಂತ ಹಿಡಿದು ಅಡ್ಡ 17, ಉದ್ದ 11, ಒಟ್ಟು 187 ತುಂಡು. ಒಂದೊಂದು ಎರಡು ಇಂಚು, ಪೂರ್ತಿ ಹಲಗೆ 34 ಇಂಚು ಬೈ 22 ಇಂಚು. ಎರಡು ಇಂಚಿಗಿಂತ ಚಿಕ್ಕದು ಮಾಡ್ಲೇಬೇಡಿ, ಯಾಕಂದ್ರೆ ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು ಎರಡಕ್ಕೂ ಜಾಗ ಬೇಕು, ಎರಡು ಇಂಚಲ್ಲೇ ನಾಲ್ಕು ಸಾಲು ಹಿಡಿಸೋದು ಕಷ್ಟ, ಜೊತೆಗೆ ಪಜಲ್ ತುಂಡಿನ ಮೂತಿ, ಕಚ್ಚು ಬೇರೆ ಜಾಗ ತಿನ್ನುತ್ತೆ.

ಮೊದಲು ಸ್ಯಾಂಪಲ್ ಅಂತ ಆರು ತುಂಡು ಮಾಡಿಸಿದ್ವಿ, ಮಾಡಿಸಿದ್ದು ಒಳ್ಳೇದಾಯ್ತು. ಲೇಸರ್ ಅಂಗಡಿಯೋರು ಎಂಡಿಎಫ್, ಅಂದ್ರೆ ಮರದ ನಾರು ಒತ್ತಿ ಮಾಡಿದ ಹಲಗೆ ಕೊಟ್ಟಿದ್ರು, ನಮ್ಮ ಮಲೆನಾಡಿನ ಥಂಡಿಗೆ ಎರಡೇ ವಾರದಲ್ಲಿ ಊದಿಕೊಂಡು ಒಂದಕ್ಕೊಂದು ಕೂರ್ಲೇ ಇಲ್ಲ, ಈಗ 4 ಎಂಎಂ ಒಳ್ಳೆ ಪ್ಲೈವುಡ್ ಹೇಳಿದೀವಿ. ಏನೂ ಬಳಿಯದ ಬರೀ ಮರದ ಮೇಲೆ ಬರೆದಾಗ ಇಂಕು ಎಳೆ ಹಿಡ್ಕೊಂಡು ಹರಡಿಬಿಡ್ತು, ಅದಕ್ಕೆ ಮೊದಲೇ ಒಂದು ಕೋಟ್ ಸೀಲರ್ ಹೊಡೆದು ಸಣ್ಣ ಉಪ್ಪುಕಾಗದದಲ್ಲಿ ಉಜ್ಜಬೇಕು. ಇನ್ನೊಂದು, ಇದನ್ನ ಯಾರೂ ನಮಗೆ ಹೇಳಿರ್ಲಿಲ್ಲ, ಪರ್ಮನೆಂಟ್ ಮಾರ್ಕರ್‌ನಲ್ಲಿ ಬರೆದು ಅದರ ಮೇಲೆ ಫ್ರೆಂಚ್ ಪಾಲಿಶ್ ಹೊಡೆದ್ರೆ ಬರೆದದ್ದೆಲ್ಲ ಕಲೆಸಿ ಹೋಗುತ್ತೆ, ಎರಡರಲ್ಲೂ ಇರೋದು ಸ್ಪಿರಿಟ್ಟೇ. ಪಿಗ್ಮೆಂಟ್ ಇಂಕಿನ ಸಣ್ಣ ಮೊನೆ ಪೆನ್ ತಗೊಳ್ಳಿ, ಮೇಲೆ ನೀರಿನ ಬೇಸ್‌ನ ವಾರ್ನಿಶ್ ಹೊಡೀರಿ. ಲೇಸರ್‌ನಲ್ಲಿ ಕೊಯ್ದ ಅಂಚು ಸುಟ್ಟು ಕಪ್ಪಾಗಿರುತ್ತೆ, ಆ ಮಸಿ ರೇಷ್ಮೆ ಸೀರೆಗೆ ಹತ್ತಿದ್ರೆ ಹೋಗೋದು ಕಷ್ಟ, ಒಂದೊಂದನ್ನೂ ಒರೆಸಿಯೇ ಟೇಬಲ್ ಮೇಲೆ ಇಡಬೇಕು.

ನನಗೆ ನಿಜವಾಗಿ ನೋವಾಗಿದ್ದು ಅಕ್ಷರದ ವಿಷಯಕ್ಕೆ. ನಡುವೆ ಕೆತ್ತೋಕೆ ಹೆಸರು, "ಆಶೀರ್ವದಿಸಿ" ಅಂತ ಒಂದು ಪದ, ಇಷ್ಟನ್ನ ಮೊಬೈಲ್‌ನಲ್ಲಿ ಟೈಪ್ ಮಾಡಿ ಕಳಿಸಿದ್ದೆ, ಅಂಗಡಿಯೋರ ಸಾಫ್ಟ್‌ವೇರ್‌ನಲ್ಲಿ ಅರ್ಕಾವತ್ತು ಎಲ್ಲೋ ಹೋಗಿ ಕೂತಿದೆ, ಒತ್ತಕ್ಷರ ಕೆಳಗೆ ಇರೋ ಬದಲು ಪಕ್ಕಕ್ಕೆ ಬಂದು ನಿಂತಿದೆ, ಅವರು ಹಾಗೇ ಕೆತ್ತಿ ಕೊಟ್ರು. ಕೇಳಿದ್ರೆ "ಇಂಗ್ಲಿಷಲ್ಲಿ ಹಾಕಿಬಿಡಿ ಸಾರ್, ಎಲ್ಲರೂ ಹಾಗೇ ಮಾಡಿಸೋದು" ಅಂದ್ರು. ಯಾಕೆ ಹಾಕಬೇಕು ಸಾರ್? ಅದು ಯುನಿಕೋಡ್ ಕನ್ನಡವನ್ನ ಸರಿಯಾಗಿ ಜೋಡಿಸದ ಸಾಫ್ಟ್‌ವೇರ್‌ನ ತೊಂದರೆ, ಭಾಷೆಯ ತೊಂದರೆ ಅಲ್ಲ. ಇಂಕ್‌ಸ್ಕೇಪ್ ಅಂತ ಉಚಿತ ಸಾಫ್ಟ್‌ವೇರ್ ಇದೆ, ಅದರಲ್ಲಿ ಟೈಪ್ ಮಾಡಿ ಅಕ್ಷರಗಳನ್ನ ಗೆರೆಯಾಗಿ ಬದಲಾಯಿಸಿ ಎಸ್‌ವಿಜಿ ಫೈಲ್ ಕೊಟ್ರೆ ಯಾವ ಮಷೀನ್‌ನಲ್ಲೂ ಒತ್ತು ಅಲ್ಲಾಡಲ್ಲ. ನಾವು ಕೊನೆಗೆ ನನಗೂ ತಂಗಿಗೂ ಅಕ್ಷರ ತಿದ್ದಿಸಿದ ಮೇಷ್ಟ್ರ ಮನೆಗೇ ಹೋಗಿ ಅವರ ಕೈಲೇ ಬರೆಸಿಕೊಂಡು ಬಂದ್ವಿ. ಲೇಸರ್ ಅಂಗಡಿ, ಆಮಂತ್ರಣ ಪತ್ರಿಕೆ ಅಂಗಡಿ ಇಟ್ಟಿರೋರು ದಯವಿಟ್ಟು ಇದೊಂದನ್ನ ಕಲಿತುಕೊಳ್ಳಿ.

ಈ ಆಟದ ಮೂಲವೂ ನನಗೆ ಇಷ್ಟ ಆಯ್ತು. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಅನ್ನೋ ನಕಾಶೆ ಕೆತ್ತೋ ಕಸುಬುದಾರ ಮರದ ಹಲಗೆಗೆ ನಕಾಶೆ ಅಂಟಿಸಿ, ದೇಶಗಳ ಗಡಿ ಹಿಡಿದು ಕೊಯ್ದು, ಮಕ್ಕಳಿಗೆ ಭೂಗೋಳ ಕಲಿಯೋಕೆ ಅಂತ ಮಾರಿದ್ನಂತೆ, ಯಾವ ದೇಶದ ಪಕ್ಕ ಯಾವ ದೇಶ ಅಂತ ತಿಳಿಯೋಕೆ. ನಾವೂ ತುಂಡಿನ ಹಿಂದೆ ಕನ್ನಡ ಅಂಕಿ ಕೆತ್ತಿಸಿ, ಎಡಗಡೆ ತುಂಡುಗಳು ಹೆಣ್ಣಿನ ಕಡೆಯೋರಿಗೆ, ಬಲಗಡೆವು ಗಂಡಿನ ಕಡೆಯೋರಿಗೆ, ನಡುವಿನ ಸಾಲುಗಳು ಇಬ್ಬರ ಸ್ನೇಹಿತರಿಗೆ ಅಂತ ಇಟ್ಟಿದೀವಿ, ಅಣ್ಣತಮ್ಮಂದಿರ ಮನೆ ಅಕ್ಕಪಕ್ಕ ಬರೋ ಹಾಗೆ. ಹೊಸದಾಗಿ ಬರೋ ಭಾವನಿಗೆ ನಮ್ಮ ನೆಂಟರು ಯಾರ್ಯಾರು ಅಂತ ಗೊತ್ತಾಗೋಕೆ ಇದಕ್ಕಿಂತ ಒಳ್ಳೆ ದಾರಿ ನನಗೆ ಕಾಣ್ಲಿಲ್ಲ.

ಟೇಬಲ್ ಊಟದ ಹಾಲ್ ಹತ್ರ ಬೇಡ, ಕೈ ತೊಳೆದು ಬಂದ ಒದ್ದೆ ಕೈಗೆ ಮರ ಸೇರಲ್ಲ. ಬಾಗಿಲಲ್ಲಿ ಪನ್ನೀರು ಹಾಕೋ ಕಡೆ, ಮುಯ್ಯಿ ಬರೆಸೋ ಟೇಬಲ್ ಪಕ್ಕದಲ್ಲೇ ಇರ್ಲಿ. ಆರತಕ್ಷತೆ ದಿನ ಕ್ಯೂನಲ್ಲಿ ನಿಂತೋರ ಹತ್ರಕ್ಕೆ ಮನೆ ಮಕ್ಕಳು ಹರಿವಾಣದಲ್ಲಿ ತುಂಡು, ಪೆನ್ ಇಟ್ಕೊಂಡು ಹೋಗ್ತಾರೆ, ಮೊದಲು ಚೀಟಿ ಮೇಲೆ ಬರೆದು ನೋಡ್ಕೊಳ್ಳೋಕೂ ಕೊಡ್ತೀವಿ. ಓದು ಬರಹ ಬಾರದೋರು ಹೇಳಿದ್ದನ್ನ ಹೇಳಿದ ಹಾಗೇ, ಒಂದು ಪದವನ್ನೂ ತಿದ್ದದೆ ಬರೆದುಕೊಡೋಕೆ ಇಬ್ರನ್ನ ಕೂರಿಸ್ತೀವಿ. ಯಾರಾದ್ರೂ ಮಗು ತುಂಡನ್ನ ಜೇಬಿಗೆ ಹಾಕ್ಕೊಂಡು ಹೋದ್ರೂ ಫೈಲ್ ನಮ್ಮ ಹತ್ರ ಇರುತ್ತೆ, ಅದೊಂದನ್ನೇ ಮತ್ತೆ ಕೊಯ್ಸಬಹುದು.

ಪತ್ರಿಕೆ ಮೂಲಕ ಒಂದು ವಿನಂತಿ. ಮೈಸೂರಿನಲ್ಲಿ ಬೀಟೆ ಮರದ ಇನ್‌ಲೇ ಕೆಲಸದೋರು ಸಣ್ಣ ಗರಗಸ ಹಿಡಿದು ಆನೆ, ಎಲೆ, ಬಳ್ಳಿ ಎಲ್ಲಾ ಕೊಯ್ದು ಸಂದಿ ಕಾಣದ ಹಾಗೆ ಕೂರಿಸ್ತಾರೆ, ಆ ಕೈಗೆ ಪಜಲ್ ಕೊಯ್ಯೋದು ಹೊಸದೇನಲ್ಲ. ಅಂಚು ಸುಡದ ಹಾಗೆ ಕೈಯಲ್ಲೇ ಮದುವೆ ಪಜಲ್ ಮಾಡಿಕೊಡೋರು ಇದ್ರೆ ಪತ್ರಿಕೆಗೆ ಒಂದು ಸಾಲು ಬರೀರಿ, ನಮಗಿನ್ನೂ ಟೈಮ್ ಇದೆ, ಮುಂದೆ ಮದುವೆ ಮಾಡೋರಿಗೂ ಬೇಕಾಗುತ್ತೆ. 94ನೇ ತುಂಡು, ಸರಿಯಾಗಿ ಹಲಗೆ ನಡುವಿಂದು, ನಮ್ಮ ಅಜ್ಜಿಗೆ ಅಂತ ಎತ್ತಿಟ್ಟಿದೀವಿ. ಅವರಿಗೆ ಬರೆಯೋಕೆ ಬರಲ್ಲ, ಹೆಬ್ಬೆಟ್ಟು ಒತ್ತುತೀನಿ ಅಂದಿದಾರೆ.

ಇತಿ,
ವಧುವಿನ ಅಣ್ಣ, ಸಾಗರ ತಾಲ್ಲೂಕು