ಲಗ್ನಪತ್ರಿಕೆ ಅಂಗಡಿಗೆ ಯಾವ ವರ್ಚುವಲ್ ಮಷೀನ್?

ಮಾನ್ಯ ಸಂಪಾದಕರೇ,

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಬೆಂಬಲ ನಿಂತಂದಿನಿಂದ ‘ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಬೇಡಿ, ವಿಂಡೋಸ್ ಬದಲು ಉಚಿತ ಕಾರ್ಯವ್ಯವಸ್ಥೆಯಾದ ಲಿನಕ್ಸ್ ಹಾಕಿಸಿ’ ಎಂಬ ಸಲಹೆ ಎಲ್ಲ ಕಡೆಯಿಂದ ಬರುತ್ತಿದೆ. ಸಲಹೆ ಒಳ್ಳೆಯದೇ; ಸುಲ್ತಾನ್‌ಪೇಟೆಯ ನನ್ನ ಡಿಟಿಪಿ ಅಂಗಡಿಯಲ್ಲೂ ಈಗ ಲಿನಕ್ಸ್ ಇದೆ. ಕನ್ನಡ ಬರೆಯುವುದಕ್ಕೆ ಅದರಲ್ಲಿ ಅಡ್ಡಿಯಿಲ್ಲ, ನಮ್ಮ ಬೆರಳುಗಳಿಗೆ ರೂಢಿಯಾದ ಕೆಜಿಪಿ ಕೀಲಿಮಣೆ ವಿನ್ಯಾಸವೂ ಸಿಗುತ್ತದೆ. ಕಷ್ಟ ಇರುವುದು ಹಳೆಯ ಕಡತಗಳಲ್ಲಿ. ‘ಅಕ್ಕನ ಮದುವೆಗೆ ಮಾಡಿಕೊಟ್ಟಿದ್ದಿರಲ್ಲ, ತಮ್ಮನದೂ ಹಾಗೆಯೇ ಇರಲಿ, ಹೆಸರು ಬದಲಾಯಿಸಿ ಸಾಕು’ ಎಂದು ಗಿರಾಕಿ ಬಂದು ನಿಂತರೆ ಪುಟವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್ 7ರ ಕಡತ, ನುಡಿ ತಂತ್ರಾಂಶದ ಹಳೆಯ ಆಸ್ಕಿ ಸಂಕೇತದ ಫಾಂಟು ಎರಡೂ ತೆರೆಯಲೇಬೇಕು. 2001ರಲ್ಲಿ ಬಂದ ಆ ಪೇಜ್‌ಮೇಕರ್ ಲಿನಕ್ಸ್‌ಗೆ ಎಂದೂ ಬರಲಿಲ್ಲ.

ಹೀಗಾಗಿ ಲಿನಕ್ಸ್‌ನ ಒಳಗೇ ಒಂದು ವಿಂಡೋಸ್ ಕಂಪ್ಯೂಟರನ್ನು ಕೂರಿಸುವ ವರ್ಚುವಲ್ ಮಷೀನ್ ಬೇಕಾಗುತ್ತದೆ. ಕೇಳಿದವರೆಲ್ಲ ಮೊದಲು ಹೇಳುವ ಹೆಸರು ವರ್ಚುವಲ್‌ಬಾಕ್ಸ್. ಇದನ್ನೇ ನಾನು ಒಪ್ಪುವುದಿಲ್ಲ. ತಂತ್ರಾಂಶ ಕೆಟ್ಟದ್ದಲ್ಲ. ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲೂ ಒಂದೇ ವರ್ಚುವಲ್ ಮಷೀನನ್ನು ಓಡಿಸಬೇಕಾದ ವಿದ್ಯಾರ್ಥಿಗೆ ಅದೇ ಸುಲಭ. ಫೋಲ್ಡರ್ ಹಂಚಿಕೊಳ್ಳುವುದು ಅದರಲ್ಲಿರುವಷ್ಟು ಸಲೀಸು ಬೇರೆ ಕಡೆ ಇಲ್ಲ. ಆದರೆ ಅದರ ಚಾಲಕ ತಂತ್ರಾಂಶ (ಡ್ರೈವರ್) ಲಿನಕ್ಸ್‌ನ ತಿರುಳಾದ ಕರ್ನೆಲ್‌ನ ಹೊರಗಿನದು. ಕರ್ನೆಲ್ ಹೊಸದಾದಾಗಲೆಲ್ಲ ಅದನ್ನು ಮತ್ತೆ ಕಟ್ಟಬೇಕು. ಆ ಕೆಲಸ ಬಹುತೇಕ ತಾನಾಗಿಯೇ ನಡೆಯುತ್ತದೆ, ನಡೆಯದ ದಿನ ಮಾತ್ರ ಮುಹೂರ್ತದ ಹಿಂದಿನ ವಾರವೇ ಆಗಿರುತ್ತದೆ! ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಚಾಲೂ ಇದ್ದರಂತೂ ಆ ಚಾಲಕಕ್ಕೆ ಸಹಿಯೂ ಬೇಕು. ಅದಕ್ಕಾಗಿ ಕಂಪ್ಯೂಟರ್ ಮರಳಿ ಶುರುವಾಗುವಾಗ ನೀಲಿ ಪರದೆಯೊಂದು ಗುಪ್ತಪದ ಕೇಳುತ್ತದೆ. ಅದೇನೋ ಎಂದು ಹುಡುಗರು ಎಂಟರ್ ಒತ್ತಿ ಮುಂದೆ ಹೋದರೆ ವರ್ಚುವಲ್ ಮಷೀನ್ ಏಳುವುದಿಲ್ಲ.

ಇಂಥದೇ ಇನ್ನೊಂದು ತಂತ್ರಾಂಶ ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ 2024ರ ನವೆಂಬರ್‌ನಿಂದ ವ್ಯಾಪಾರಸ್ಥರಿಗೂ ಉಚಿತವಾಗಿದೆ. ಗ್ರಾಫಿಕ್ಸ್ ಹೆಚ್ಚು ಬೇಡುವ ಕೆಲಸಕ್ಕೆ ಅದು ಮೇಲು. ಆದರೆ ಡೌನ್‌ಲೋಡ್ ಮಾಡಲು ಅದರ ಒಡೆತನದ ಬ್ರಾಡ್‌ಕಾಮ್ ಕಂಪನಿಯಲ್ಲಿ ಖಾತೆ ತೆರೆಯಬೇಕು, ಮತ್ತು ಕರ್ನೆಲ್‌ನ ಹೊರಗಿನ ಚಾಲಕದ ಗೋಳು ಅಲ್ಲಿಯೂ ತಪ್ಪಿದ್ದಲ್ಲ.

ನಮ್ಮಂಥ ಅಂಗಡಿಗೆ ಸರಿಹೊಂದುವುದು ಲಿನಕ್ಸ್‌ನದೇ ವರ್ಚುವಲ್ ಮಷೀನ್ ಸೌಲಭ್ಯವಾದ ಕೆವಿಎಂ. 2007ರ ಫೆಬ್ರುವರಿಯಲ್ಲಿ ಬಂದ 2.6.20ನೇ ಆವೃತ್ತಿಯಿಂದಲೂ ಅದು ಲಿನಕ್ಸ್ ಕರ್ನೆಲ್‌ನ ಭಾಗವೇ. ಕರ್ನೆಲ್ ಬದಲಾದರೆ ಅದೂ ಜೊತೆಯಲ್ಲೇ ಬದಲಾಗುತ್ತದೆ. ಕಣ್ಣಿಗೆ ಕಾಣುವ ಕಿಟಕಿಗಳೊಂದಿಗೆ ಬಳಸಲು ವರ್ಟ್-ಮ್ಯಾನೇಜರ್ ಇದೆ. ಗ್ನೋಮ್ ಬಾಕ್ಸಸ್ ಇನ್ನೂ ಸರಳ, ಆದರೆ ಬೇಕಾದ ಗುಂಡಿಗಳನ್ನೂ ಬಚ್ಚಿಡುತ್ತದೆ. ವರ್ಚುವಲ್ ಮಷೀನಿನ ಒಳಗೆ ವಿಂಡೋಸ್ 7 ಹಾಕುವವರು ಡಿಸ್ಕನ್ನು ಸಾಟಾ ಎಂದೂ ನೆಟ್‌ವರ್ಕ್ ಕಾರ್ಡನ್ನು ಇ1000 ಎಂದೂ ಆರಿಸಲಿ. ವರ್ಚುವಲ್ ಮಷೀನಿಗೆಂದೇ ಮಾಡಿದ ವರ್ಟ್‌ಐಒ ಅವುಗಳಿಗಿಂತ ವೇಗದ್ದು ನಿಜ, ಆದರೆ ಅದರ ಚಾಲಕಗಳನ್ನು ಬೇರೆಯಾಗಿ ತುಂಬಬೇಕು, ಪೇಜ್‌ಮೇಕರ್‌ಗೆ ಆ ವೇಗ ಬೇಡ. 8 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಒಳಗಿನ ವಿಂಡೋಸ್‌ಗೆ 2 ಜಿಬಿ ಕೊಟ್ಟರೆ ಧಾರಾಳ. ಕೆವಿಎಂ, ವರ್ಚುವಲ್‌ಬಾಕ್ಸ್ ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ಟುಕೊಳ್ಳುವವರಿಗೂ ಒಂದು ಮಾತು: ಕರ್ನೆಲ್ 6.12ರಿಂದ ಈಚೆಗೆ ಕೆವಿಎಂ ಮೊದಲೇ ಪ್ರೊಸೆಸರಿನ ವರ್ಚುವಲ್ ಮಷೀನ್ ಸೌಲಭ್ಯವನ್ನು ಹಿಡಿದು ಕೂರುತ್ತದೆ, ಅದನ್ನು ಬಿಡಿಸದಿದ್ದರೆ ವರ್ಚುವಲ್‌ಬಾಕ್ಸ್‌ನ ಮಷೀನ್ ಶುರುವಾಗದೆ ಹೋಗಬಹುದು.

ಬೆಂಬಲವಿಲ್ಲದ ವಿಂಡೋಸ್ ಅನ್ನು ಇಂಟರ್ನೆಟ್ಟಿಗೆ ಬಿಡುವುದು ಬೇಡ. ವರ್ಟ್-ಮ್ಯಾನೇಜರ್‌ನಲ್ಲಿ ‘ಐಸೊಲೇಟೆಡ್’ ಎಂಬ ನೆಟ್‌ವರ್ಕ್ ಇದೆ. ಅದನ್ನು ಆರಿಸಿಕೊಂಡರೆ ಒಳಗಿನ ವಿಂಡೋಸ್‌ಗೆ ನಮ್ಮ ಲಿನಕ್ಸ್‌ನ ಸಾಂಬಾ ಫೋಲ್ಡರ್ (ವಿಂಡೋಸ್ ಜೊತೆ ಹಂಚಿಕೊಂಡ ಫೋಲ್ಡರ್) ಕಾಣುತ್ತದೆ, ಹೊರಗಿನ ಲೋಕ ಕಾಣುವುದಿಲ್ಲ. ಪುಟವನ್ನು ಪಿಡಿಎಫ್ ಮಾಡಿ ಆ ಫೋಲ್ಡರಿಗೆ ಹಾಕಿದರೆ ಮುದ್ರಣ ಲಿನಕ್ಸ್‌ನಿಂದಲೇ ಆಗುತ್ತದೆ. ಇಷ್ಟೆಲ್ಲ ಉಚಿತವೆಂದು ಹೇಳುವವರು ಒಂದನ್ನು ಮರೆಯುತ್ತಾರೆ: ಒಳಗಿನ ವಿಂಡೋಸ್‌ಗೂ ಪರವಾನಗಿ ಬೇಕು. ವರ್ಚುವಲ್‌ಬಾಕ್ಸ್‌ಗೆ ಹೆಚ್ಚುವರಿ ಸೌಲಭ್ಯ ಸೇರಿಸುವ ಎಕ್ಸ್‌ಟೆನ್ಷನ್ ಪ್ಯಾಕ್ ಕೂಡ ಮನೆಬಳಕೆಗೆ, ಕಲಿಕೆಗೆ ಉಚಿತ, ಅಂಗಡಿಗಲ್ಲ. ಯುಎಸ್‌ಬಿ 3 ಸೌಲಭ್ಯ 7.0 ಆವೃತ್ತಿಯಿಂದ ಮೂಲ ತಂತ್ರಾಂಶದಲ್ಲೇ ಇರುವಾಗ, ಪೆನ್‌ಡ್ರೈವ್‌ಗಾಗಿ ಅದನ್ನು ಹಾಕಿಸಿಕೊಳ್ಳಿ ಎನ್ನುವ ಹಳೆಯ ಪಾಠವನ್ನು ಇನ್ನಾದರೂ ಬಿಡಬೇಕು.

ಎಸ್.ಪಿ. ರಸ್ತೆಯ ಕಂಪ್ಯೂಟರ್ ವ್ಯಾಪಾರಿಗಳಲ್ಲಿ ಒಂದು ವಿನಂತಿ. ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿಕೊಡುವಾಗ ಯಂತ್ರದ ಮೂಲ ಸೆಟ್ಟಿಂಗುಗಳಿರುವ ಬಯಾಸ್‌ನಲ್ಲಿ, ವರ್ಚುವಲ್ ಮಷೀನಿಗೆ ಬೇಕಾದ ಪ್ರೊಸೆಸರಿನ ಆಯ್ಕೆಯನ್ನು (ಇಂಟೆಲ್ ಆದರೆ ವಿಟಿ-ಎಕ್ಸ್, ಎಎಂಡಿ ಆದರೆ ಎಸ್‌ವಿಎಂ) ಚಾಲೂ ಮಾಡಿಯೇ ಕೊಡಿ. ಎರಡು ನಿಮಿಷದ ಕೆಲಸ. ಗೊತ್ತಿಲ್ಲದವರು ಇದೊಂದಕ್ಕಾಗಿ ಸಿಪಿಯು ಪೆಟ್ಟಿಗೆಯನ್ನು ಆಟೋದಲ್ಲಿ ಹೊತ್ತು ಮತ್ತೆ ನಿಮ್ಮಲ್ಲಿಗೇ ಬರುತ್ತಾರೆ. ಇನ್ನು ತಮ್ಮಲ್ಲಿ ಕೇಳಿಕೊಳ್ಳುವುದು: ವಾರವಾರವೂ ಹೊಸ ಮೊಬೈಲ್‌ನ ಕ್ಯಾಮೆರಾ ಅಳೆಯುವ ತಂತ್ರಜ್ಞಾನ ಪುಟದಲ್ಲಿ ಒಂದು ಸಲ ವರ್ಟ್-ಮ್ಯಾನೇಜರ್ ಅಳವಡಿಸುವ ಕ್ರಮವನ್ನು ಪರದೆಯ ಚಿತ್ರಗಳ ಸಹಿತ ಕನ್ನಡದಲ್ಲಿ ಪ್ರಕಟಿಸಿ. ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುವ ಅಂಗಡಿಗಳು ನಮ್ಮ ಓಣಿಯಲ್ಲೇ ಹಲವಿವೆ.

— ಡಿಟಿಪಿ ಅಂಗಡಿಯ ಮಾಲೀಕ, ಸುಲ್ತಾನ್‌ಪೇಟೆ, ಬೆಂಗಳೂರು