ಗೋಲು ಹೊಡೆದವನೇ ಶ್ರೇಷ್ಠನಾ?

ಸಂಪಾದಕರೇ,

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಹೈಸ್‌ಮನ್ ಟ್ರೋಫಿ ಅಂತ ದೊಡ್ಡ ಪ್ರಶಸ್ತಿ ಇದೆ. 1935ರಿಂದ ಕೊಡುತ್ತಿದ್ದಾರೆ. ಅವರ ಆಟವೇ ಬೇರೆ, ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಅದಿರಲಿ. ಅಲ್ಲೂ ಪ್ರಶಸ್ತಿ ಜಾಸ್ತಿ ಹೋಗಿದ್ದು ಚೆಂಡು ಎಸೆಯುವವರಿಗೆ, ಹಿಡಿದು ಓಡುವವರಿಗೆ. ಮುಖ್ಯವಾಗಿ ಡಿಫೆನ್ಸ್ ಆಡುವವನಿಗೆ ಮೊದಲ ಸಲ ಸಿಕ್ಕಿದ್ದು 1997ರಲ್ಲಿ, ಚಾರ್ಲ್ಸ್ ವುಡ್ಸನ್‌ಗೆ. 62 ವರ್ಷ ಬೇಕಾಯಿತು ನೋಡಿ! 2024ರಲ್ಲಿ ಡಿಫೆನ್ಸ್, ಅಟ್ಯಾಕ್ ಎರಡೂ ಆಡಿದ ಟ್ರಾವಿಸ್ ಹಂಟರ್‌ಗೆ ಕೊಟ್ಟರು. ಅದು ನ್ಯಾಯ ಅನ್ನಿಸಿತು.

ನಮ್ಮ ದಾವಣಗೆರೆಯಲ್ಲೂ ಇದೇ ಕಥೆ. ಈಚೆಗೆ ಒಂದು ಕಾಲೇಜು ಟೂರ್ನಿಯಲ್ಲಿ, ಸೋಲುವ ಪಂದ್ಯವನ್ನು ಮೈಮೇಲೆ ಎಳೆದುಕೊಂಡು ಉಳಿಸಿದ ಗೋಲ್‌ಕೀಪರ್ ಹುಡುಗ ಸುಮ್ನೆ ಮೂಲೆಯಲ್ಲಿ ನಿಂತಿದ್ದ, ಶ್ರೇಷ್ಠ ಆಟಗಾರನ ಕಪ್ ಹೋಗಿದ್ದು ಸೋತು ಸುಣ್ಣವಾಗಿದ್ದ ತಂಡದ ಮೇಲೆ ಮೂರು ಗೋಲು ಹೊಡೆದವನಿಗೆ. ಗಟ್ಟಿ ತಂಡದ ಎದುರು ಹೇಗೆ ಆಡಿದ, ಅವನಿಲ್ಲದಿದ್ದರೆ ತಂಡದ ಗತಿ ಏನು ಅಂತ ನೋಡಬೇಕಲ್ವಾ? ಟೂರ್ನಿ ನಡೆಸುವವರೇ, ಫೈನಲ್ ದಿನ ಮಾತ್ರ ಬಂದು ಶಾಲು ಹೊದಿಸಿಕೊಳ್ಳುವ ಅತಿಥಿಗಳ ಕೈಗೆ ಆಯ್ಕೆ ಕೊಡಬೇಡಿ. ಎಲ್ಲ ಪಂದ್ಯ ನೋಡಿದ ರೆಫ್ರಿಗಳನ್ನು, ಎದುರಾಳಿ ತಂಡದ ಕೋಚ್‌ಗಳನ್ನು ಕೇಳಿ.

- ಒಬ್ಬ ಫುಟ್‌ಬಾಲ್ ಹುಚ್ಚ, ದಾವಣಗೆರೆ