ಎರಡು ರೂಪಾಯಿ ಶಾಂಪೂ ಪ್ಯಾಕೆಟ್ ಮೇಲೂ ಒಳಗೇನಿದೆ ಅಂತ ಬರೀಲಿ

ಸಂಪಾದಕರಿಗೆ ನಮಸ್ಕಾರ,

ಸುಮಾರು ಎರಡು ವರ್ಷ ನನ್ನ ಕಣ್ಣಿನ ರೆಪ್ಪೆ ಊದ್ಕೊಂಡೇ ಇತ್ತು. ಬೆಳಿಗ್ಗೆ ಎದ್ರೆ ಕಣ್ಣು ಬಿಡೋಕೆ ಆಗ್ತಿರಲಿಲ್ಲ, ಕೆರೆತ ಅಂದ್ರೆ ನಿದ್ದೆಯಲ್ಲೂ ಕೈ ಅಲ್ಲಿಗೇ ಹೋಗೋದು, ರೆಪ್ಪೆ ಮೇಲಿನ ಚರ್ಮ ಒಣಗಿ ಕಪ್ಪಾಗಿ ಸಿಪ್ಪೆ ಏಳ್ತಿತ್ತು. ಮದುವೆ ಮುಂಜಿಗೆ ಹೋದ್ರೆ ಎಲ್ಲರೂ ಮೊದಲು ಕೇಳೋದು ಯಾಕೆ ಅತ್ತಿದ್ಯಾ ಅಂತ. ಈಗ ಆರಾಮಾಗಿದ್ದೀನಿ. ಆದ್ರೆ ಕಾರಣ ಗೊತ್ತಾಗೋಕೆ ಯಾಕೆ ಅಷ್ಟು ದಿನ ಬೇಕಾಯ್ತು ಅನ್ನೋದನ್ನ ಬರೀಬೇಕು ಅನ್ನಿಸಿ ಈ ಪತ್ರ, ಸ್ವಲ್ಪ ಉದ್ದ ಆದ್ರೂ ದಯವಿಟ್ಟು ಹಾಕಿ.

ನಮ್ಮ ಕಡೆ ಮೈಮೇಲೆ ಏನು ಎದ್ರೂ ಮೊದಲ ಅಪವಾದ ಮೀನಿಗೆ. ಅತ್ತೆ ಸಿಗಡಿ ಬಿಡು ಅಂದ್ರು ಬಿಟ್ಟೆ, ಪಕ್ಕದ ಮನೆ ಅಕ್ಕ ಬಂಗಡೆ ಉಷ್ಣ ಅಂದ್ರು ಅದನ್ನೂ ಬಿಟ್ಟೆ, ಆಮೇಲೆ ಬದನೆಕಾಯಿ, ಆಮೇಲೆ ಮೊಟ್ಟೆ. ಅಂಕೋಲೆಯಲ್ಲಿ ಹುಟ್ಟಿ ಬೆಳೆದವಳು ಎಂಟು ತಿಂಗಳು ಬರೀ ಸಾರು ಅನ್ನ ಉಂಡೆ, ಕಣ್ಣು ಹಾಗೇ ಇತ್ತು.

ಇದರ ಮಧ್ಯೆ ಮಾಡಿದ ದೊಡ್ಡ ತಪ್ಪು ಅಂದ್ರೆ ಡ್ರಾಪ್ಸು. ಒಂದು ಮೆಡಿಕಲ್ ಶಾಪಲ್ಲಿ ಕಣ್ಣು ತೋರಿಸಿದೆ, ಚೀಟಿ ಗೀಟಿ ಏನೂ ಕೇಳದೆ ಒಂದು ಸಣ್ಣ ಬಾಟ್ಲಿ ಕೊಟ್ರು. ಹಾಕಿದ ಎರಡೇ ದಿನಕ್ಕೆ ಕೆಂಪೆಲ್ಲ ಹೋಗಿ ಕಣ್ಣು ಬೆಳ್ಳಗಾಯ್ತು, ದೇವರು ಸಿಕ್ಕ ಹಾಗಾಯ್ತು ನನಗೆ, ಬಿಟ್ರೆ ಮತ್ತೆ ಬರೋದು ಮತ್ತೆ ಹಾಕೋದು ಹೀಗೆ ಐದು ತಿಂಗಳು ಕಳೀತು. ಆಮೇಲೆ ಕಣ್ಣಿನ ಡಾಕ್ಟರ್ ಆ ಬಾಟ್ಲಿ ನೋಡಿ ಇದು ಸ್ಟೆರಾಯ್ಡ್ ಅಂದ್ರು, ಪ್ರೆಶರ್ ನೋಡಿದ್ರೆ ಕಣ್ಣೊಳಗಿನ ಪ್ರೆಶರ್ ಏರಿತ್ತು. ಸ್ಟೆರಾಯ್ಡ್ ಡ್ರಾಪ್ಸ್ ತುಂಬಾ ದಿನ ಹಾಕಿದ್ರೆ ಕೆಲವರಿಗೆ ಹೀಗೆ ಪ್ರೆಶರ್ ಏರಿ ಗ್ಲಾಕೋಮಾ, ಅಂದ್ರೆ ಕಣ್ಣಿನ ನರ ಹಾಳಾಗೋ ಕಾಯಿಲೆ ಆಗ್ತದೆ, ಕಣ್ಣಿನ ಪೊರೆಯೂ ಬೇಗ ಬರ್ತದೆ, ಗ್ಲಾಕೋಮಾದಲ್ಲಿ ಹೋದ ದೃಷ್ಟಿ ತಿರುಗಿ ಬರೋದಿಲ್ಲ, ಮೊದಮೊದಲು ನೋವೂ ಇರೋದಿಲ್ಲ. ನನ್ನದು ನಿಲ್ಲಿಸಿದ ಮೇಲೆ ಇಳೀತು, ಪುಣ್ಯ. ಬೇಸಿಗೆ ಬಂದ್ರೆ ನಮ್ಮೂರಲ್ಲಿ ಎಷ್ಟೋ ಮಕ್ಕಳು ಕಣ್ಣು ಉಜ್ಜುತ್ತಾ ಓಡಾಡ್ತಾವೆ, ಅವರ ತಾಯಂದಿರಿಗೆ ಕೈಮುಗಿದು ಹೇಳ್ತೀನಿ, ಡಾಕ್ಟರ್ ಚೀಟಿ ಇಲ್ದೆ ಡ್ರಾಪ್ಸ್ ತರಬೇಡಿ.

ಆ ಡಾಕ್ಟರೇ ಚರ್ಮದ ಡಾಕ್ಟರ್ ಹತ್ರ ಪ್ಯಾಚ್ ಟೆಸ್ಟ್, ಅಂದ್ರೆ ಯಾವುದರ ಅಲರ್ಜಿ ಅಂತ ಹುಡುಕೋ ಪರೀಕ್ಷೆ ಮಾಡಿಸಿ ಅಂದಿದ್ದು. ಅರಬೈಲ್ ಘಾಟಿ ಹತ್ತಿ ಹುಬ್ಬಳ್ಳಿಗೆ ಹೋಗಿ ತಂಗಿ ಮನೇಲಿ ಐದು ದಿನ ಉಳ್ಕೊಂಡೆ. ಬೆನ್ನಿಗೆ ಸಣ್ಣ ಸಣ್ಣ ಬಟ್ಟಲಿನ ಹಾಗೆ ಇರೋ ಪಟ್ಟಿ ಅಂಟಿಸ್ತಾರೆ, ಒಂದೊಂದರಲ್ಲೂ ಒಂದೊಂದು ಕೆಮಿಕಲ್ಲು, 48 ಗಂಟೆ ಬೆನ್ನಿಗೆ ನೀರು ತಾಗಿಸೋ ಹಾಗಿಲ್ಲ ಬೆವರೋ ಹಾಗಿಲ್ಲ, ಆಮೇಲೆ ತೆಗೆದು ನೋಡ್ತಾರೆ, ಇನ್ನೆರಡು ದಿನ ಬಿಟ್ಟು ಮತ್ತೆ ನೋಡ್ತಾರೆ. ನನ್ನ ಬೆನ್ನಲ್ಲಿ ಎರಡು ಕಡೆ ಕೆಂಪಗೆ ಎದ್ದಿತ್ತು. ಒಂದು ಸುವಾಸನೆಗೆ ಹಾಕೋ ಕೆಮಿಕಲ್‌ಗಳ ಮಿಶ್ರಣ, ಇನ್ನೊಂದು ಮೀಥೈಲ್‌ಐಸೊಥಯಾಝೊಲಿನೋನ್, ಅಂದ್ರೆ ಶಾಂಪೂ, ಹ್ಯಾಂಡ್‌ವಾಶ್, ಪಾತ್ರೆ ತೊಳೆಯೋ ಲಿಕ್ವಿಡ್ ಇವೆಲ್ಲ ಕೆಡದ ಹಾಗೆ ಹಾಕೋ ಪ್ರಿಸರ್ವೇಟಿವ್. ಡಾಕ್ಟರ್ ನಕ್ಕು, "ಮೀನು ಆರಾಮ್ ತಿನ್ರಿ, ಆ ಶಾಂಪೂ ಬಿಡ್ರಿ" ಅಂದ್ರು. ನನಗೆ ಅಳು ಬಂತು.

ತಲೆಗೆ ಹಾಕಿದ್ದು ಕಣ್ಣಿಗೆ ಯಾಕೆ ಅಂತ ಕೇಳಿದೆ. ತಲೆಯ ಚರ್ಮ ದಪ್ಪ, ತಡ್ಕೊಳ್ತದೆ, ರೆಪ್ಪೆಯ ಚರ್ಮ ಇಡೀ ಮೈಯಲ್ಲೇ ತೆಳು, ನೊರೆ ಇಳಿದು ಬಂದು ಮೊದಲು ಏಟು ತಿನ್ನೋದು ಅದೇ. ಇನ್ನೊಂದು ವಿಷಯ ಹೇಳಿದ್ರು, ಅದು ಗೊತ್ತಿದ್ರೆ ನನ್ನ ಎಂಟು ತಿಂಗಳು ಉಳೀತಿತ್ತು. ಈ ಥರದ ಅಲರ್ಜಿ ಹಚ್ಚಿದ ಕೂಡ್ಲೇ ಬರೋದಿಲ್ಲ, ಒಂದು ದಿನ ಎರಡು ದಿನ ಬಿಟ್ಟು ಬರ್ತದೆ. ಭಾನುವಾರ ತಲೆ ಮಿಂದದ್ದಕ್ಕೆ ಮಂಗಳವಾರ ಕಣ್ಣು ಊದ್ತದೆ, ನಾವು ಸೋಮವಾರ ತಿಂದ ಬಂಗಡೆಯನ್ನ ಬೈತೀವಿ. ಯೋಚನೆ ಮಾಡಿದ್ರೆ ಇದು ನಮಗೆ ಹೊಸದಲ್ಲ. ಕರಿ ಇಷಾಡು ಮಾವಿನಹಣ್ಣು ಕೊಯ್ಯುವಾಗ ಮುಖಕ್ಕೆ ಸೊನೆ ಸಿಡಿದ್ರೆ ಮುಖ ಊದೋದು ಮಾರನೇ ದಿನವೇ ಅಲ್ವಾ, ಘಟ್ಟದ ಮೇಲೆ ಹೊಲಗೇರು ಮರದ ಹಾಲು ತಾಗಿದವರಿಗೂ ಹಾಗೇ. ಎಲ್ಲ ಒಂದೇ ಜಾತಿಯ ಅಲರ್ಜಿ. ಆದ್ರೆ ಸೊನೆ ಕಣ್ಣಿಗೆ ಕಾಣ್ತದೆ, ಹೊಲಗೇರು ಮರ ಇಲ್ಲಿದೆ ಹತ್ರ ಹೋಗ್ಬೇಡ ಅಂತ ಅಜ್ಜ ತೋರಿಸಿ ಹೇಳ್ತಿದ್ರು. ಪ್ಯಾಕೆಟ್ ಒಳಗಿರೋದನ್ನ ಯಾರು ತೋರಿಸ್ತಾರೆ?

ಇನ್ನೊಂದೂ ಆಗ ನೆನಪಾಯ್ತು. ಆ ವರ್ಷ ಚೌತಿಗೆ ಅಂತ ಮನೆ ಒಳಗೆಲ್ಲ ಪೇಂಟ್ ಹೊಡೆಸಿದ ವಾರ ನನಗೆ ಕಣ್ಣು ಪೂರ್ತಿ ಮುಚ್ಚಿಹೋಗಿತ್ತು, ಗಣಪತಿ ಕೂರಿಸೋ ದಿನ ಮುಖ ತೋರಿಸದೆ ಅಡಿಗೆ ಮನೇಲೇ ಕೂತಿದ್ದೆ. ನೀರಲ್ಲಿ ಕಲಸೋ ಪೇಂಟ್‌ಗೂ ಇದೇ ಪ್ರಿಸರ್ವೇಟಿವ್ ಹಾಕ್ತಾರಂತೆ, ಹೊಸ ಗೋಡೆಯಿಂದ ಗಾಳಿಗೆ ಬಂದೇ ರೆಪ್ಪೆಗೆ ತಾಗ್ತದಂತೆ.

ಈ ಪ್ರಿಸರ್ವೇಟಿವ್ ಎಲ್ಲೋ ಅಪರೂಪದ ವಸ್ತು ಅಲ್ಲ. ಅಮೆರಿಕದ ಚರ್ಮ ಅಲರ್ಜಿ ತಜ್ಞರ ಸಂಘ 2013ರಲ್ಲೇ ಇದನ್ನ ವರ್ಷದ ಅಲರ್ಜಿಕಾರಕ ಅಂತ ಹೆಸರಿಸಿತ್ತು. ಯುರೋಪಲ್ಲಿ 2017ರಿಂದ ಹಚ್ಚಿ ಹಾಗೇ ಬಿಡೋ ಕ್ರೀಮು ಲೋಷನ್‌ಗಳಲ್ಲಿ ಹಾಕೋ ಹಾಗೇ ಇಲ್ಲ.

ಹುಬ್ಬಳ್ಳಿಯಿಂದ ಬಂದು ಮನೆಯಲ್ಲಿದ್ದ ಎಲ್ಲ ಬಾಟ್ಲಿ ಹುಡುಕಿದೆ. ದೊಡ್ಡ ಬಾಟ್ಲಿಗಳ ಹಿಂದೆ ಒಳಗೇನಿದೆ ಅನ್ನೋ ಪಟ್ಟಿ ಇರುವೆ ಹೆಜ್ಜೆ ಹಾಗಿರೋ ಇಂಗ್ಲಿಷಲ್ಲಿ ಬರೆದಿತ್ತು, ಮಗಳು ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿದಳು. ಆದ್ರೆ ನಾನು ವರ್ಷಗಟ್ಟಲೆ ತಲೆಗೆ ಹಾಕಿದ್ದು ಅಂಗಡಿ ಬಾಗಿಲಲ್ಲಿ ಮಾಲೆ ಹಾಗೆ ನೇತಾಡೋ ಪ್ಯಾಕೆಟ್ಟು, ಅದರ ಮೇಲೆ ಆ ಪಟ್ಟಿಯೇ ಇರಲಿಲ್ಲ. ಇದು ಕಾನೂನಿಗೆ ವಿರುದ್ಧ ಅಂದ್ಕೊಂಡಿದ್ದೆ, ಅಲ್ಲ. ನಮ್ಮ ಕಾಸ್ಮೆಟಿಕ್ಸ್ ರೂಲ್ಸ್ ಪ್ರಕಾರ 60 ಎಂಎಲ್‌ಗಿಂತ ಕಡಿಮೆ ಇರೋ ದ್ರವಕ್ಕೆ, 30 ಗ್ರಾಂಗಿಂತ ಕಡಿಮೆ ಇರೋ ಕ್ರೀಮು ಪುಡಿಗಳಿಗೆ ಒಳಗೇನಿದೆ ಅಂತ ಬರೀಲೇಬೇಕು ಅಂತಿಲ್ಲ. 2020ರಲ್ಲಿ ರೂಲ್ಸ್ ಹೊಸದಾಗಿ ಬಂದಾಗಲೂ ಈ ರಿಯಾಯ್ತಿ ಉಳೀತು. ಕಣ್ಣಿಗೇ ಹಚ್ಚೋ ಕಾಡಿಗೆ ಕಡ್ಡಿ ಎಷ್ಟೋ ಸಲ ಅರ್ಧ ಗ್ರಾಂ ಕೂಡ ಇರೋದಿಲ್ಲ, ಅದಕ್ಕೂ ಬೇಕಿಲ್ಲ. ದಿನಗೂಲಿ ಮಾಡೋರು, ಮೀನು ಮಾರೋ ಹೆಂಗಸರು, ಹಾಸ್ಟೆಲ್ ಮಕ್ಕಳು ಎಲ್ಲರೂ ತಗೊಳ್ಳೋದು ಈ ಪ್ಯಾಕೆಟ್ಟನ್ನೇ. ಇನ್ನೂರು ರೂಪಾಯಿ ಬಾಟ್ಲಿ ತಗೊಳ್ಳೋರಿಗೆ ಗೊತ್ತಾಗಬಹುದಾದದ್ದು ಎರಡು ರೂಪಾಯಿ ಕೊಡೋರಿಗೆ ಗೊತ್ತಾಗೋ ಹಾಗಿಲ್ಲ ಅಂದ್ರೆ ಇದು ಯಾವ ನ್ಯಾಯ? ಜಾಗ ಇಲ್ಲ ಅಂತಾರೆ. ಮುಂದುಗಡೆ ನಟಿ ಫೋಟೋಗೆ ಜಾಗ ಇದೆ.

ಕುಂಕುಮ ಮತ್ತು ಸ್ಟಿಕ್ಕರ್ ಬಿಂದಿ ಅಂಟಿಗೆ ಹಣೆ ಸುಡೋದು, ಹೇರ್ ಡೈಯಲ್ಲಿರೋ ಪಿಪಿಡಿ ಅನ್ನೋ ಕೆಮಿಕಲ್ಲಿಗೆ ಎರಡು ದಿನ ಬಿಟ್ಟು ಮುಖವೇ ಊದೋದು ಎಲ್ಲರ ಮನೇಲೂ ನೋಡಿರ್ತೀರಿ. ಉಗುರಿಗೆ ಹಾಕಿದ ಪಾಲಿಶ್ ಬೆರಳಿಗೆ ಏನೂ ಮಾಡದೆ ರೆಪ್ಪೆಗೆ ಏಳ್ತದೆ ಅಂದ್ರೆ ನಾನೂ ನಂಬಿರಲಿಲ್ಲ, ಕೈ ಕಣ್ಣಿಗೆ ಹೋಗ್ತಾ ಇರ್ತದಲ್ಲ ಅದಕ್ಕೆ. ಎಷ್ಟೋ ಸುರ್ಮಾದಲ್ಲಿ ಸೀಸ ಇರ್ತದೆ, ಮಕ್ಕಳಿಗೆ ಹಚ್ಚಲೇಬೇಡಿ. ಮನೇಲೇ ದೀಪ ಹಿಡಿದು ಮಾಡಿದ ಕಾಡಿಗೆ ನನ್ನ ಆಯಿಯೂ ಹಚ್ತಿದ್ದರು, ಬೇಜಾರು ಮಾಡ್ಕೋಬೇಡಿ, ಅದೂ ಕೂಸಿನ ಕಣ್ಣಿಗೆ ಒಳ್ಳೇದಲ್ಲ ಅಂತಲೇ ಡಾಕ್ಟರ್ ಹೇಳಿದ್ದು.

ನನಗೆ ಉಪಯೋಗಕ್ಕೆ ಬಂದದ್ದು ಇಷ್ಟು. ಸೋಪು ಕ್ರೀಮು ಎಲ್ಲ ಬಿಟ್ಟು ಮೂರು ವಾರ ಮುಖ ತೊಳೆಯೋಕೆ ಬರೀ ನೀರು, ತಲೆಗೆ ಸೀಗೆಪುಡಿ, ಅದೂ ಕಣ್ಣಿಗೆ ಬೀಳದ ಹಾಗೆ. ಕೆರೆತ ಬಂದ್ರೆ ಉಜ್ಜೋದಿಲ್ಲ, ತಣ್ಣೀರಲ್ಲಿ ಅದ್ದಿದ ಬಟ್ಟೆ ಇಡೋದು. ಹೊಸದು ಯಾವುದೇ ಕ್ರೀಮಾದ್ರೂ ಮೊದಲು ಮೊಣಕೈ ಒಳಮಡಿಕೆಗೆ ದಿನಕ್ಕೆರಡು ಸಲ ಒಂದು ವಾರ ಹಚ್ಚಿ ನೋಡೋದು. ಕಣ್ಣು ಒಣಗಿದ್ರೆ ಹಾಕೋ ಡ್ರಾಪ್ಸ್‌ನಲ್ಲೂ ಬೆಂಜಾಲ್ಕೋನಿಯಂ ಅಂತ ಪ್ರಿಸರ್ವೇಟಿವ್ ಇರ್ತದೆ, ಪದೇ ಪದೇ ಹಾಕಿದ್ರೆ ಅದೇ ಉರಿ ತರ್ತದೆ, ಅದಿಲ್ಲದ್ದೂ ಸಿಗ್ತದೆ, ಸ್ವಲ್ಪ ರೇಟ್ ಜಾಸ್ತಿ, ಡಾಕ್ಟರ್ ಹತ್ರ ಕೇಳಿ.

ನಮ್ಮ ಎಂಪಿ ಸಾಹೇಬರು ಈ 60 ಎಂಎಲ್ ರಿಯಾಯ್ತಿ ತೆಗೀಬೇಕು ಅಂತ ದಿಲ್ಲಿಯಲ್ಲಿ ಒಂದು ಮಾತು ಕೇಳಲಿ. ಪ್ಯಾಕೆಟ್ ಮೇಲೆ ಜಾಗ ಸಾಲದಿದ್ರೆ ಮಾಲೆಯ ತುದಿಯಲ್ಲಿ ಒಂದು ಚೀಟಿ ಕಟ್ಟಲಿ, ಕನ್ನಡದಲ್ಲಿ. ಅದು ಆಗೋ ತನಕ ನಿಮ್ಮ ಹತ್ರ ಒಂದು ಬೇಡಿಕೆ. ನನ್ನ ಪರ್ಸಲ್ಲಿ ನಾನು ಬಿಡಬೇಕಾದ ಕೆಮಿಕಲ್‌ಗಳ ಆರು ಹೆಸರು ಬರೆದ ಚೀಟಿ ಇದೆ, ಮಗಳು ಕನ್ನಡದಲ್ಲೂ ಇಂಗ್ಲಿಷಲ್ಲೂ ಅಕ್ಕಪಕ್ಕ ಬರೆದು ಕೊಟ್ಟಿದ್ದು, ಅಂಗಡಿಗೆ ಹೋದಾಗ ಅದನ್ನ ಹಿಡ್ಕೊಂಡು ಅಕ್ಷರ ತಾಳೆ ನೋಡ್ತೀನಿ. ಅಂಥದ್ದೇ ಒಂದು ಪಟ್ಟಿ ಚರ್ಮದ ಡಾಕ್ಟರ್ ಹತ್ರ ಕೇಳಿ ಸರಿಮಾಡಿಸಿ ನಿಮ್ಮ ಆರೋಗ್ಯದ ಪುಟದಲ್ಲಿ ಹಾಕಿ, ಕತ್ತರಿಸಿ ಇಟ್ಕೊಳ್ಳೋ ಅಳತೆಯಲ್ಲಿ.

ಇಂತಿ,
ನಿಮ್ಮ ಓದುಗಳು
ಅಂಕೋಲಾ, ಉತ್ತರ ಕನ್ನಡ